ಕಸಿ ಕೆಂಪಣ್ಣನ ಚಾಕು

ಇದು ನಡೆದದ್ದು 2022ರ ಆಗಸ್ಟ್‌ನಿಂದ ದಸರೆಯವರೆಗಿನ ಅವಧಿಯಲ್ಲಿ. ಆ ಹೊತ್ತಿಗೆ ನಾನು ಕಾರ್ಖಾನೆಯಿಂದ ನಿವೃತ್ತಳಾಗಿ ಐದು ವರ್ಷವಾಗಿತ್ತು. ಗದಗಿನ ಕಡೆಯಿಂದ ಡಿಪ್ಲೊಮಾ ಹಿಡಿದುಕೊಂಡು ಬಂದವಳು, ಯಶವಂತಪುರದಾಚೆಯ ಒಂದು ಯಂತ್ರ ತಯಾರಿಕಾ ಕಾರ್ಖಾನೆಯಲ್ಲಿ ಲೋಹ ಪರೀಕ್ಷಿಸುವ ಮೆಟಲರ್ಜಿ ಲ್ಯಾಬಿಗೆ ಸೇರಿ, ಅದೇ ಲ್ಯಾಬಿನ ಮುಖ್ಯಸ್ಥೆಯಾಗಿ ಹೊರಬಂದೆ. ಮುರಿದ ಗೇರು, ಸೀಳುಬಿಟ್ಟ ಶಾಫ್ಟು, ಹಲ್ಲುದುರಿದ ಕಟರ್ ನನ್ನ ಮೇಜಿನ ಮೇಲೆ ಬರುತ್ತಿದ್ದವು. ಅದು ಯಾಕೆ ಮುರಿಯಿತು, ಎಲ್ಲಿಂದ ಬಿರುಕು ಶುರುವಾಯಿತು ಎಂದು ನಾನು ಹೇಳಬೇಕಿತ್ತು. ಇದಕ್ಕೆ ಫೇಲ್ಯೂರ್ ಅನಾಲಿಸಿಸ್ ಎಂದು ಹೆಸರು. ನನ್ನ ಗಂಡ ಮಾತ್ರ ಇಂದಿಗೂ ಅದನ್ನು ಪೋಸ್ಟ್‌ಮಾರ್ಟಂ ಎಂದೇ ಕರೆಯುತ್ತಾರೆ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ಯಲಹಂಕದ ನಮ್ಮ ಮನೆಯ ಹಿಂದೆ ಕಾರು ನಿಲ್ಲಿಸಲು ಹಾಕಿದ್ದ ಶೆಡ್ಡಿನಿಂದ ಕಾರನ್ನು ಬೀದಿಗೆ ಓಡಿಸಿ, ಅಲ್ಲಿ ವಸ್ತುವನ್ನು ಬಿಗಿಯಾಗಿ ಹಿಡಿದಿಡುವ ಒಂದು ವೈಸು, ನಾಲ್ಕಾರು ಸಾಣೆಕಲ್ಲು, ಲ್ಯಾಬಿನವರು ಹಳೆಯದಾಯಿತೆಂದು ಮಾರಿದ ಒಂದು ಮೈಕ್ರೋಸ್ಕೋಪು ಇಟ್ಟುಕೊಂಡೆ. ಹಳೆಯ ಚಾಕು, ಕತ್ತರಿ, ಉಳಿ, ಅಡಕತ್ತರಿಗಳನ್ನು ಮತ್ತೆ ಬಳಕೆಗೆ ಬರುವಂತೆ ಮಾಡಿಕೊಡುವುದು ನನ್ನ ಕೆಲಸವಾಯಿತು. ಬಾಯಿಂದ ಬಾಯಿಗೆ ಸುದ್ದಿ ಹರಡಿ ಆರ್.ಟಿ. ನಗರ, ಹೆಬ್ಬಾಳದಿಂದಲೂ ಜನ ಬರತೊಡಗಿದರು. ಬಂದವರಲ್ಲಿ ಮುಕ್ಕಾಲು ಪಾಲು ಜನ ಕೇಳುವುದು ಒಂದನ್ನೇ: ಫಳಫಳ ಹೊಳೆಯುವ ಹಾಗೆ ಮಾಡಿಕೊಡಿ. ಆ ಮಾತು ಕೇಳಿದರೆ ನನಗೆ ಮೂಗಿನ ತುದಿಗೇ ಕೋಪ ಬರುತ್ತದೆ. ಹೊಳಪು ಬೇಕಾದವರು ಸ್ಟೀಲ್ ಪಾತ್ರೆ ಅಂಗಡಿಗೆ ಹೋಗಬಹುದು.

ನಂಜೇಗೌಡರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅರವತ್ತು ದಾಟಿದ ದಪ್ಪ ಆಸಾಮಿ, ಗರಿಗರಿ ಬಿಳಿ ಅಂಗಿ, ಬಿಳಿ ಪಂಚೆ. ಹೆಸರಘಟ್ಟ ರಸ್ತೆಯ ಹಳೆಯ ಊರೊಂದರ ಮನೆತನ. ತೋಟ ಇದ್ದ ಜಾಗದಲ್ಲಿ ಈಗ ಅವರದೇ ಲೇಔಟು, ಎರಡು ಅಪಾರ್ಟ್‌ಮೆಂಟು. ಜೊತೆಯಲ್ಲಿ ಅವರಿಗಿಂತ ಏಳೆಂಟು ವರ್ಷ ಹಿರಿಯ ಅಕ್ಕ, ಗೌರಮ್ಮ. ಸಣಕಲು ಹೆಂಗಸು, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಗೇಟಿನ ಬಳಿಯೇ ನಿಂತಿದ್ದರು. ಗೌಡರು ಶೆಡ್ಡಿನೊಳಗೆ ಇಣುಕಿ ನೋಡಿ, ಏಪ್ರನ್ ಕಟ್ಟಿಕೊಂಡಿದ್ದ ನನ್ನನ್ನೂ ನೋಡಿ, ಆಮೇಲೆ ನನ್ನ ಬೆನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿದರು.

"ಸಾರ್ ಇಲ್ವಾ ಮೇಡಂ? ಚಾಕು ರಿಪೇರಿ ಮಾಡ್ತಾರಂತಲ್ಲ?"

"ಸಾರ್ ಒಳಗ ಸೊಪ್ಪು ಸೋಸಾಕತ್ತಾರ," ಎಂದೆ. "ಚಾಕು ನೋಡಾಕಿ ನಾನ. ಬರ್ರಿ ಒಳಗ."

ಗೌರಮ್ಮ ಸೆರಗಿನಲ್ಲಿ ನಕ್ಕದ್ದು ನನಗೆ ಕಾಣಿಸಿತು.

ಹಿತ್ತಾಳೆ ತಟ್ಟೆಯಲ್ಲಿ ಕೆಂಪು ವಸ್ತ್ರ, ಅದರ ಮೇಲೆ ಒಂದು ಕಪ್ಪು ಉಂಡೆ. ಅಂಗೈ ಉದ್ದದ ಮಡಚುವ ಚಾಕು ಎಂದು ಆಕಾರ ನೋಡಿ ಊಹಿಸಬಹುದಿತ್ತು, ಅಷ್ಟೇ. ಐವತ್ತಕ್ಕೂ ಹೆಚ್ಚು ವರ್ಷ ಅದು ದೇವರಮನೆಯಲ್ಲಿತ್ತಂತೆ. ಪ್ರತಿ ಆಯುಧಪೂಜೆಗೂ ಅದಕ್ಕೆ ಹರಳೆಣ್ಣೆ ಸವರಿ, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟಿದ್ದರು. ಹೋದ ವರ್ಷದ್ದನ್ನು ಒರೆಸುವ ಪದ್ಧತಿ ಇರಲಿಲ್ಲ. ಹೀಗಾಗಿ ಎಣ್ಣೆ, ಕುಂಕುಮ, ದೀಪದ ಮಸಿ ಒಂದರ ಮೇಲೊಂದು ಕೂತು ಗಟ್ಟಿಯಾಗಿ, ಅಲಗು ಹಿಡಿಯೊಳಗೆ ಅಂಟಿಕೊಂಡುಬಿಟ್ಟಿತ್ತು. ಅದು ಬಿಚ್ಚಿದ್ದನ್ನು ಗೌಡರು ನೋಡಿಯೇ ಇರಲಿಲ್ಲ. ಹಿಡಿಯ ಹಿಂತುದಿಯಲ್ಲಿ ಮಾತ್ರ ಬಿಳಿಚಿಕೊಂಡ ಒಂದು ಚೂಪು ಹೊರಗೆ ಚಾಚಿತ್ತು.

ಅದು ಚಿರತೆಯ ಉಗುರು ಎಂದರು ಗೌಡರು. ಅವರ ತಂದೆ ಕೆಂಪಣ್ಣ ಆ ಸುತ್ತಿನಲ್ಲೆಲ್ಲ ಹೆಸರುವಾಸಿ. ಕಸಿ ಕೆಂಪಣ್ಣ ಎಂದೇ ಕರೆಯುತ್ತಿದ್ದರಂತೆ. ಮಾವು, ಸಪೋಟ, ಗುಲಾಬಿ, ಯಾವ ಗಿಡದ ಕಸಿ ಕಟ್ಟಿದರೂ ಒಣಗಿದ್ದೇ ಇಲ್ಲ. ಮಾಕಳಿಯವರೆಗೂ ಹಳೆಯ ತೋಟಗಳಲ್ಲಿ ಅವರ ಮನೆಯ ಸಸಿಗಳೇ. ಅಂಥ ಕೆಂಪಣ್ಣ ಒಮ್ಮೆ ತೋಟಕ್ಕೆ ನುಗ್ಗಿದ ಚಿರತೆಯನ್ನು ಕೊಂದರೆಂದೂ, ಅದನ್ನು ಮೆಚ್ಚಿ ಒಬ್ಬ ಮಿಲಿಟರಿ ದೊರೆ ಈ ಚಾಕು ಕೊಟ್ಟನೆಂದೂ, ಚಿರತೆಯ ಉಗುರನ್ನೇ ಅದಕ್ಕೆ ಕೂರಿಸಿಕೊಟ್ಟನೆಂದೂ ಕಥೆ. ಇಷ್ಟು ಪುಟ್ಟ ಚಾಕುವಿಗೆ ಸಾಯಬೇಕಾದರೆ ಚಿರತೆಯೂ ಬಹಳ ಸಹಕಾರ ಕೊಟ್ಟಿರಬೇಕು ಎಂದುಕೊಂಡೆ.

ಲೇಔಟಿನ ಪಾರ್ಕಿಗೆ ಗೌಡರು ತಂದೆಯ ಹೆಸರಿಡುತ್ತಿದ್ದರು. ವಿಜಯದಶಮಿಯ ದಿನ ಉದ್ಘಾಟನೆ. ಗ್ರಾನೈಟ್ ಕಲ್ಲಿನಲ್ಲಿ ಹೆಸರು ಕೆತ್ತಿಸುವುದು, ಅದರ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಚಾಕು ಇಡುವುದು ಅವರ ಯೋಜನೆ. ಚಾಕು ಬಿಚ್ಚಬೇಕು, ಅಲಗಿಗೆ ಹೊಸದಾಗಿ ಸಾಣೆ ಹಿಡಿಸಬೇಕು, ಚಕ್ರದಲ್ಲಿ ಉಜ್ಜಿ ಹೊಳಪು ಬರಿಸುವ ಬಫಿಂಗ್ ಮಾಡಿ ಮೇಲೆ ಕ್ರೋಮ್ ಹಾಕಿಸಬೇಕು, ಕನ್ನಡಿಯ ಹಾಗೆ ಮುಖ ಕಾಣಬೇಕು. ಮೊದಲು ಇದು ಏನೆಂದು ನೋಡುತ್ತೇನೆ, ಮಿಕ್ಕಿದ್ದು ಆಮೇಲೆ ಎಂದು ಹೇಳಿ ಕಳುಹಿಸಿದೆ.

ಮರುದಿನ ಗೌರಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಅಮ್ಮ, ಅದನ್ನ ಉಜ್ಜಿ ನುಣ್ಣಗೆ ಮಾಡ್ಬ್ಯಾಡಿ. ಅದು ನಮ್ಮಪ್ಪಂದಲ್ಲ. ನಮ್ಮವ್ವಂದು."

ಆಮೇಲೆ ಅವರು ಹೇಳಿದ್ದನ್ನು ನಾನು ಚಹಾ ಮಾಡುವುದನ್ನೂ ಮರೆತು ಕೇಳಿದೆ. ಅವರ ತಾಯಿ ಚಿಕ್ಕತಾಯಮ್ಮ ಎಡಚಿ. ಆ ಮನೆಯಲ್ಲಿ ಕಸಿ ಕಟ್ಟುತ್ತಿದ್ದುದು ಆಕೆಯೇ, ಅದೂ ಎಡಗೈಯಲ್ಲಿ. ಆದರೆ ಎಡಗೈಯಿಂದ ಕಟ್ಟಿದ ಗಿಡ ಮನೆಗೆ ಒಳ್ಳೆಯದಲ್ಲ, ಕಾಯಿ ಕಚ್ಚುವುದಿಲ್ಲ ಎಂದು ಸಸಿ ಕೊಳ್ಳುವವರ ನಂಬಿಕೆ. ಗೊತ್ತಾದರೆ ಒಂದು ಸಸಿಯೂ ಮಾರಾಟವಾಗುತ್ತಿರಲಿಲ್ಲ. ಹಾಗಾಗಿ ಆಕೆ ಕೊಟ್ಟಿಗೆಯ ಹಿಂದೆ ಕೂತು ಕಟ್ಟುವುದು, ಕೆಂಪಣ್ಣ ಸಸಿಗಳನ್ನು ಗಾಡಿಗೆ ಹಾಕಿಕೊಂಡು ಹೋಗಿ ಮಾರುವುದು. ಜನ ಅವರನ್ನು ಕಸಿ ಕೆಂಪಣ್ಣ ಎಂದರು. ಅವರೂ ಅಲ್ಲಗಳೆಯಲಿಲ್ಲ, ಅಲ್ಲಗಳೆಯುವಂತೆಯೂ ಇರಲಿಲ್ಲ. ತಾಯಿ ತೀರಿಕೊಂಡಾಗ ನಂಜೇಗೌಡರಿಗೆ ಏಳು ವರ್ಷವೋ ಎಂಟೋ. ಅಲ್ಲಿಂದಾಚೆ ಆ ಮನೆಯಲ್ಲಿ ಕಸಿ ಕಟ್ಟಿದ್ದೇ ಇಲ್ಲ. ಚಾಕು ದೇವರಮನೆ ಸೇರಿತು, ಕೆಂಪಣ್ಣ ತರಕಾರಿಗೆ ಇಳಿದರು.

ತಮ್ಮನಿಗೆ ಇದನ್ನು ಹೇಳಿದಾಗಲೆಲ್ಲ ಅವರು ಸಿಟ್ಟಾಗುತ್ತಿದ್ದರಂತೆ. ಅಪ್ಪನ ಹೆಸರು ಕೆಡಿಸಬೇಡ, ಅವ್ವ ಅಡುಗೆಮನೆ ಬಿಟ್ಟು ಹೊರಗೆ ಬಂದವಳಲ್ಲ ಎನ್ನುತ್ತಿದ್ದರಂತೆ. ಕಸಿ ಕಟ್ಟಿದ್ದು ತಾಯಿ ಎಂದು ತಿಳಿದವರು ಊರಿನಲ್ಲಿ ಬೇರೆ ಯಾರೂ ಉಳಿದಿಲ್ಲ.

"ಕಲ್ಲಲ್ಲಿ ಕೆತ್ತಿಬಿಟ್ರೆ ಮುಗೀತು ಕಣಮ್ಮ. ನಾನೂ ಓದ್ಮ್ಯಾಲೆ ನಮ್ಮವ್ವ ಇದ್ಲು ಅನ್ನೋದೇ ಇರಾಕಿಲ್ಲ."

ಕಾರ್ಖಾನೆಯಲ್ಲಿ ನಾನು ಬರೆದ ವರದಿಗೆ ಬೇರೆಯವರ ಸಹಿ ಬಿದ್ದದ್ದು ಒಂದೆರಡು ಸಲವಲ್ಲ. ಆದರೆ ಲ್ಯಾಬಿನವರಿಗೆ ಒಂದು ಕಟ್ಟುನಿಟ್ಟು ಇದೆ: ಮನಸ್ಸಿನಲ್ಲಿ ಮೊದಲೇ ಉತ್ತರ ಇಟ್ಟುಕೊಂಡು ಲೋಹವನ್ನು ನೋಡಬಾರದು. ಅದನ್ನೇ ಗೌರಮ್ಮನಿಗೂ ಹೇಳಿದೆ. ಚಾಕು ಏನು ಹೇಳುತ್ತದೋ ಅಷ್ಟನ್ನೇ ನಾನು ಹೇಳುತ್ತೇನೆ, ಅದು ನಿಮ್ಮ ತಂದೆಯ ಕಡೆ ಸಾಕ್ಷಿ ಹೇಳಿದರೆ ಅದನ್ನೂ ಮುಚ್ಚಿಡುವುದಿಲ್ಲ ಎಂದೆ. ಅವರು ಒಪ್ಪಿ ತಲೆಯಾಡಿಸಿ ಹೋದರು.

ಕೆಲಸ ಶುರುವಾಯಿತು. ಹಿಡಿ ಕೊಂಬಿನದು. ಕೊಂಬಿಗೆ ಜೋರು ಬಿಸಿಯಾಗಲೀ ನೀರಿನಲ್ಲಿ ನೆನೆಸುವುದಾಗಲೀ ಆಗದು, ಸೊಟ್ಟಗಾಗುತ್ತದೆ. ಆದ್ದರಿಂದ ಸೀಮೆಎಣ್ಣೆಯನ್ನು ಸಣ್ಣ ಕುಂಚದಲ್ಲಿ ಸವರುವುದು, ಕಾಯುವುದು, ಮೆತ್ತಗಾದಷ್ಟನ್ನು ಬಿದಿರಿನ ಕಡ್ಡಿಯಿಂದ ಕೆರೆಯುವುದು. ಕಬ್ಬಿಣದ ಯಾವ ಸಾಧನವನ್ನೂ ತಾಗಿಸಲಿಲ್ಲ. ಪೊರೆ ಪೊರೆಯಾಗಿ ಕುಂಕುಮ ಎದ್ದು ಬಂತು. ಶೆಡ್ಡೆಲ್ಲ ದೇವಸ್ಥಾನದ ವಾಸನೆ. ನನ್ನ ಗಂಡ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು, ಚೇಷ್ಟೆಗೆ.

ಮೊದಲು ಸತ್ತದ್ದು ಚಿರತೆಯ ಕಥೆ. ಹಿಂತುದಿಯ ಬಿಳಿ ಚೂಪು ಉಗುರಲ್ಲ, ಮೂಳೆಯಿಂದ ಮಾಡಿದ ಚಪ್ಪಟೆ ನಾಲಿಗೆ. ಗುಲಾಬಿಗೋ ನಿಂಬೆಗೋ ಕಣ್ಣುಕಸಿ ಹಾಕುವಾಗ ತೊಗಟೆಯನ್ನು ಸೀಳಿ, ಅದರಡಿ ಮೊಗ್ಗನ್ನು ಕೂರಿಸಲು ತೊಗಟೆಯನ್ನು ಮೆಲ್ಲಗೆ ಎತ್ತಬೇಕು. ಉಕ್ಕಿನಿಂದ ಎತ್ತಿದರೆ ಒಳಗಿನ ಹಸಿ ಪದರಕ್ಕೆ ಗಾಯವಾಗುತ್ತದೆ, ಅದಕ್ಕೇ ಮೂಳೆ. ಅಂದರೆ ಇದು ಬೇಟೆಯ ಚಾಕುವಲ್ಲ, ಮಿಲಿಟರಿಯದೂ ಅಲ್ಲ. ಕಸಿಗೆಂದೇ ಮಾಡಿದ ಚಾಕು.

ಕೀಲಿನೊಳಗೆ ಎಣ್ಣೆ ಇಳಿಯಲು ಬಿಟ್ಟು, ದಿನವೂ ಚೂರು ಚೂರೇ ಅಲುಗಿಸುತ್ತ ಹೋದೆ. ಒಂದು ಮಧ್ಯಾಹ್ನ ಅಲಗು ಹೊರಗೆ ಬಂತು. ಐವತ್ತು ವರ್ಷದ ಮೇಲೆ ಬೆಳಕು ಕಂಡ ಉಕ್ಕು. ನನಗೆ ಒಂದು ಕೂಗು ಹಾಕಬೇಕೆನಿಸಿತು, ಹಾಕಿದೆ ಕೂಡ. ಕುಂಕುಮ ತೇವ ಹಿಡಿದಿದ್ದ ಬುಡದಲ್ಲಿ ತುಕ್ಕು ತಿಂದು ಸಣ್ಣ ಸಣ್ಣ ಕುಳಿಗಳಾಗಿದ್ದವು. ಮಿಕ್ಕ ಭಾಗವನ್ನು ಹರಳೆಣ್ಣೆ ಕಾಪಾಡಿತ್ತು. ಅಲಗಿನ ಮೇಲೆ ಕಂದು ಬಣ್ಣದ ತೆಳು ಪದರ. ಇದಕ್ಕೆ ಪ್ಯಾಟಿನಾ ಎನ್ನುತ್ತಾರೆ. ತುಕ್ಕು ಉಕ್ಕನ್ನು ತಿನ್ನುತ್ತದೆ, ಪ್ಯಾಟಿನಾ ಅದನ್ನು ಕಾಯುತ್ತದೆ. ಬಫಿಂಗ್ ಮಾಡಿದರೆ ಮೊದಲು ಹೋಗುವುದೇ ಅದು. ಬುಡದಲ್ಲಿ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರಗಳಲ್ಲಿ, ಚಾಕು ಕತ್ತರಿಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಹೆಸರಿನ ಬಾಲ ಮಾತ್ರ ಉಳಿದಿತ್ತು; ಮಾಡಿದವರ ಹೆಸರನ್ನು ತುಕ್ಕು ನುಂಗಿತ್ತು. ಕಳೆದ ಶತಮಾನದ ಮೊದಲರ್ಧದ ಮಾಲು ಎಂದು ಹೇಳಬಲ್ಲೆ, ಅದಕ್ಕಿಂತ ಹೆಚ್ಚು ಹೇಳಿದರೆ ಅದು ಊಹೆಯಾಗುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ. ಅಡುಗೆಮನೆಯ ಚಾಕುವಿಗೆ ಎರಡೂ ಬದಿಯಿಂದ ಇಳಿಜಾರು ಹಿಡಿದು ಹರಿತ ಮಾಡುತ್ತಾರೆ. ಕಸಿ ಚಾಕು ಹಾಗಲ್ಲ. ಅದರ ಒಂದು ಬದಿ ಹಲಗೆಯಂತೆ ಚಪ್ಪಟೆ, ಇನ್ನೊಂದು ಬದಿಗೆ ಮಾತ್ರ ಇಳಿಜಾರು. ಚಪ್ಪಟೆ ಬದಿ ಕಡ್ಡಿಯ ಮೇಲೆ ಮಲಗಿ ಸಾಗಿದರೆ ಕೊಯ್ದ ಮುಖ ನೇರವಾಗಿ ಬರುತ್ತದೆ. ಎರಡು ಕಡ್ಡಿಗಳ ನೇರ ಮುಖಗಳು ಸಂದಿಲ್ಲದೆ ಕೂಡಿದರೆ ಕಸಿ ಹಿಡಿಯುತ್ತದೆ, ಇಲ್ಲದಿದ್ದರೆ ಒಣಗುತ್ತದೆ. ಚಾಕುವನ್ನು ಬಲಗೈಯಿಂದ ಎಡಗೈಗೆ ಬದಲಿಸಿದರೆ ಚಪ್ಪಟೆ ಬದಿ ಮೇಲಾಗಿಬಿಡುತ್ತದೆ. ಆದ್ದರಿಂದ ಬಲಗೈಯವರ ಕಸಿ ಚಾಕು ಎಡಗೈಯವರಿಗೆ ನಡೆಯುವುದಿಲ್ಲ, ಎಡಗೈಯವರದು ಬಲಗೈಯವರಿಗೆ ನಡೆಯುವುದಿಲ್ಲ.

ಈ ಚಾಕು ಕಾರ್ಖಾನೆಯಿಂದ ಹೊರಬಿದ್ದಾಗ ಬಲಗೈಯವರದಾಗಿತ್ತು. ಅಲಗನ್ನು ಉಗುರಿನಿಂದ ಎಳೆದು ಬಿಚ್ಚಲು ಇರುವ ಕಚ್ಚು ಬಲಗೈಯವರಿಗೆ ಬೇಕಾದ ಕಡೆಯಲ್ಲಿತ್ತು. ಆದರೆ ಇಳಿಜಾರು ಎಡಗೈಯವರ ಕಡೆಗಿತ್ತು. ಗಾಡಿಯಲ್ಲಿ ಸಾಣೆ ಹಿಡಿಯುವವರು ಯಾರೋ ತಿಳಿಯದೆ ಹಾಳು ಮಾಡಿದ್ದಾರೆಯೇ? ಹಾಗಾಗಿದ್ದರೆ ಮೊದಲಿನ ಬಲಗೈ ಇಳಿಜಾರನ್ನೇ ಮರಳಿ ತರುವುದು ರಿಪೇರಿಯ ಧರ್ಮ. ಹೊಸ ಸಾಣೆ ಹಿಡಿಸಿ ಎಂದು ಗೌಡರು ಕೇಳಿದ್ದೂ ಅದನ್ನೇ. ನನ್ನ ಬಳಿಯ ಒಳ್ಳೆಯ ಸಾಣೆಕಲ್ಲಿನ ಮೇಲೆ ಒಂದು ದಿನದ ಕೆಲಸ. ಅದಾದ ಮೇಲೆ ಯಾವ ಮೈಕ್ರೋಸ್ಕೋಪಿಗೂ ಏನೂ ಕಾಣುತ್ತಿರಲಿಲ್ಲ.

ಲೋಹವನ್ನು ಒಮ್ಮೆ ತೆಗೆದರೆ ಮರಳಿ ಇಡಲಾಗದು. ಅದಕ್ಕೇ ಮೊದಲು ಅಲಗನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ತಿರುಗುವ ಸಾಣೆಚಕ್ರ ಉಕ್ಕನ್ನು ಗುಳಿಯಾಗಿ ಕೊರೆಯುತ್ತದೆ. ಇಲ್ಲಿ ಗುಳಿಯೇ ಇಲ್ಲ. ಅಲಗಿನ ಉದ್ದಕ್ಕೂ ಸಮನಾದ ಇಳಿಜಾರು, ಅದರ ಮೇಲೆ ಕೂದಲೆಳೆಯಂಥ ಗೀರುಗಳು. ಚಪ್ಪಟೆ ಕಲ್ಲಿನ ಮೇಲೆ ಕೈಯಿಂದ, ಎಷ್ಟೋ ಸಲ ಕೂತು ಮಸೆದದ್ದು. ಕೀಲಿನ ಹತ್ತಿರ, ಕಲ್ಲು ತಲುಪದ ಒಂದು ಮೂಲೆಯಲ್ಲಿ, ಕಾರ್ಖಾನೆಯವರು ಕೊಟ್ಟ ಬಲಗೈ ಇಳಿಜಾರಿನ ಚೂರು ಇನ್ನೂ ಉಳಿದಿತ್ತು. ಅಂದರೆ ಯಾರೋ ಬೇಕೆಂದೇ, ತಾಳ್ಮೆಯಿಂದ, ಬಲಗೈ ಚಾಕುವನ್ನು ಎಡಗೈಗೆ ಬದಲಿಸಿದ್ದರು.

ಹಿಡಿಯೂ ಅದನ್ನೇ ಹೇಳಿತು. ಕೊಂಬಿನ ಒಂದು ಪಕ್ಕದಲ್ಲಿ ಹೆಬ್ಬೆರಳು ಊರಿ ಊರಿ ಸಣ್ಣ ತಗ್ಗಾಗಿತ್ತು. ಚಾಕುವನ್ನು ಎಡಗೈಯಲ್ಲಿ ಹಿಡಿದಾಗ ಮಾತ್ರ ಹೆಬ್ಬೆರಳು ಅಲ್ಲಿಗೆ ಹೋಗುತ್ತದೆ. ನನ್ನ ಹೆಬ್ಬೆರಳಿಗೆ ಆ ತಗ್ಗು ಸರಿಹೋಯಿತು. ನನ್ನ ಗಂಡನ ಹೆಬ್ಬೆರಳು ಅದರಲ್ಲಿ ಕೂರಲಿಲ್ಲ.

ಹಾಗಾದರೆ ಕೆಂಪಣ್ಣನೇ ಎಡಚನಾಗಿದ್ದಿರಬಹುದಲ್ಲ? ಈ ಅನುಮಾನ ನನ್ನನ್ನು ಎರಡು ದಿನ ಕಾಡಿತು. ಹೆಬ್ಬೆರಳಿನ ಅಳತೆಯೊಂದನ್ನೇ ನಂಬಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಲಾಗದು. ಮತ್ತೆ ಗೀರುಗಳ ಕಡೆಗೆ ಹೋದೆ. ಕಲ್ಲಿನ ಮೇಲೆ ಅಲಗನ್ನು ಮಸೆಯುವಾಗ ಬಲಗೈಯವರು ಎಳೆದ ಗೀರು ಒಂದು ಕಡೆಗೆ ವಾಲುತ್ತದೆ, ಎಡಗೈಯವರದು ಇನ್ನೊಂದು ಕಡೆಗೆ. ಖಾತ್ರಿ ಮಾಡಿಕೊಳ್ಳಲು ಗುಜರಿಯ ಎರಡು ಅಲಗುಗಳನ್ನು ತಂದು, ಒಂದನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಇದೇ ಬದಿಗೆ ಇಳಿಜಾರು ಬರುವಂತೆ ಮಸೆದು ಪಕ್ಕದಲ್ಲಿಟ್ಟು ಹೋಲಿಸಿದೆ. ಚಾಕುವಿನ ಗೀರುಗಳು ವಾಲಿದ್ದು ಬಲಗೈಯವರ ಕಡೆಗೆ. ಅಲಗಿನ ಈ ತುದಿಯಿಂದ ಆ ತುದಿಯವರೆಗೂ ಹಾಗೆಯೇ, ಒಂದೂ ತಪ್ಪಿಲ್ಲ.

ಈ ಚಾಕುವನ್ನು ಮಸೆದವರು ಬಲಗೈಯವರು, ಬಳಸಿದವರು ಎಡಗೈಯವರು. ಒಂದು ಚಾಕು, ಇಬ್ಬರು ಮನುಷ್ಯರು. ಕಾರ್ಖಾನೆಯಲ್ಲಿ, ಹೊರಗಿನಿಂದ ಪರೀಕ್ಷೆಗೆ ಬಂದ ವಿಮಾನದ ಬಿಡಿಭಾಗಗಳ ಮೇಲೆ ವರದಿ ಬರೆದವಳು ನಾನು. ಆದರೆ ಅವತ್ತಿನಷ್ಟು ಹೆಮ್ಮೆ ನನ್ನ ಕಣ್ಣಿನ ಬಗ್ಗೆ ನನಗೆ ಎಂದೂ ಆಗಿರಲಿಲ್ಲ.

ಗೌಡರಿಗೆ ಫೋನು ಮಾಡಿದೆ. ಕಾರಣ ಹೇಳದೆ, ನಿಮ್ಮ ತಂದೆ ಯಾವ ಕೈಯವರು ಎಂದು ಕೇಳಿದೆ. ಅವರಿಗೆ ಅದು ಅವಮಾನದ ಪ್ರಶ್ನೆಯಂತೆ ಕೇಳಿಸಿತು. ಊಟ, ಕೆಲಸ, ದಾನ, ಎಲ್ಲ ಬಲಗೈಯಲ್ಲೇ, ಎಡಗೈ ಸೋಕಿಸಿದ ಮನುಷ್ಯನೇ ಅಲ್ಲ ಎಂದರು. ಹಾಗೆಯೇ ಕ್ರೋಮಿನ ವಿಷಯ ಏನಾಯಿತು, ಕಲ್ಲು ಕೆತ್ತುವವನು ಕಾಯುತ್ತಿದ್ದಾನೆ ಎಂದೂ ಕೇಳಿದರು.

"ಕ್ರೋಮ್ ನಾ ಮಾಡಂಗಿಲ್ರಿ ಗೌಡ್ರ," ಎಂದೆ. "ಕಲ್ಲು ಕೆತ್ತಾಂವಗೂ ಸ್ವಲ್ಪ ನಿಲ್ಲಾಕ ಹೇಳ್ರಿ. ಅಕ್ಕಾರನ್ನೂ ಕರ್ಕೊಂಡ್ ಬಂದು ಮೊದಲ ಚಾಕು ನೋಡ್ರಿ. ಆಮೇಲೆ ನಿಮಗ ಹೆಂಗ ಬೇಕೋ ಹಂಗ ಮಾಡ್ಸ್ರಿ."

ಅವರು ಬರುವುದರೊಳಗೆ ಕೆಲಸ ಮುಗಿಸಿದೆ. ಬಹಳ ಮಾಡಿದೆನೆಂದಲ್ಲ, ಮಾಡದೆ ಬಿಟ್ಟದ್ದೇ ಹೆಚ್ಚು. ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿದ ಹಿತ್ತಾಳೆ ಕುಂಚದಿಂದ ತೆಗೆದೆ, ಕುಳಿಗಳನ್ನು ಹಾಗೇ ಬಿಟ್ಟೆ. ಕಂದು ಪದರ ಉಳಿಯಿತು, ಹೆಬ್ಬೆರಳಿನ ತಗ್ಗು ಉಳಿಯಿತು. ಸಡಿಲವಾಗಿದ್ದ ಒಂದು ಹಿತ್ತಾಳೆ ರಿವೆಟ್ಟನ್ನು ಬಿಗಿ ಮಾಡಿದೆ. ಒಣಗಿ ಬಿರುಸಾಗಿದ್ದ ಕೊಂಬಿಗೆ ಎಣ್ಣೆ ಕುಡಿಸಿದೆ. ಅಲಗನ್ನು ಹಳೆಯ ಎಡಗೈ ಇಳಿಜಾರಿನ ಮೇಲೆಯೇ, ಅದೇ ಕೋನದಲ್ಲಿ, ತೀರ ನುಣುಪಿನ ಕಲ್ಲಿನಲ್ಲಿ ಹರಿತದ ಅಂಚಾದ ಬಾಯಿಯಷ್ಟು ಮಾತ್ರ ತೀಡಿದೆ. ಚಾಕು ಬಿಚ್ಚಿದರೆ ಕೊನೆಯಲ್ಲಿ ಟಕ್ ಎಂದು ಗಟ್ಟಿಯಾಗಿ ನಿಲ್ಲುತ್ತಿತ್ತು. ಹೊಳೆಯುತ್ತಿರಲಿಲ್ಲ. ಆದರೆ ನಾಳೆಯೇ ತೋಟಕ್ಕೆ ತೆಗೆದುಕೊಂಡು ಹೋಗಬಹುದಿತ್ತು.

ನವರಾತ್ರಿಗೆ ಒಂದು ವಾರ ಮೊದಲು ಇಬ್ಬರೂ ಬಂದರು. ಚಾಕು ನೋಡಿ ಗೌಡರ ಮುಖ ಇಳಿಯಿತು. ಇಷ್ಟು ದಿನ ಇಟ್ಟುಕೊಂಡು ಇಷ್ಟೇನಾ ಎಂಬ ಮುಖ. ನಾನು ಏನನ್ನೂ ವಿವರಿಸಲಿಲ್ಲ. ಪಕ್ಕದ ಮನೆಯ ಮಾವಿನ ಮರದಿಂದ ಕಿರುಬೆರಳು ಗಾತ್ರದ ಹಸಿ ಕಡ್ಡಿಗಳನ್ನು ಕತ್ತರಿಸಿ ತಂದಿಟ್ಟಿದ್ದೆ. ಒಂದನ್ನು ಕೊಟ್ಟು, ಕಸಿಗೆ ಮಾಡುವ ಹಾಗೆ ಓರೆಯಾಗಿ ಒಂದು ಕೊಯ್ತ ಕೊಯ್ಯಿರಿ ಎಂದೆ.

ಗೌಡರು ಬಲಗೈಯಲ್ಲಿ ಚಾಕು ಹಿಡಿದು ಎಳೆದರು. ಅಲಗು ಕಡ್ಡಿಯೊಳಗೆ ಕಚ್ಚಿಕೊಂಡು, ಜಾರಿ, ಚಮಚದ ಹಾಗೆ ಗುಳಿಬಿದ್ದ ಕೊಯ್ತ ಬಂತು. ಇನ್ನೊಂದು ಕಡ್ಡಿ ಕೊಟ್ಟೆ. ಅದೂ ಹಾಗೆಯೇ. ಹರಿತವಿಲ್ಲ ಎಂದು ಗೊಣಗಿದರು. ಹರಿತವಿದೆ, ಈಗ ಎಡಗೈಯಲ್ಲಿ ಹಿಡಿದು ನೋಡಿ ಎಂದೆ. ಅವರು ಅಕ್ಕನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಇಬ್ಬರೂ ಸೇರಿ ತನಗೆ ಏನೋ ಹೂಡಿದ್ದಾರೆಂದು ಅವರಿಗೆ ಅನಿಸಿರಬೇಕು. ಆದರೂ ಚಾಕುವನ್ನು ಎಡಗೈಗೆ ತೆಗೆದುಕೊಂಡರು.

ಮುಂದೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಬಲಗೈಯ ಮನುಷ್ಯ ಎಡಗೈಯಲ್ಲಿ ತಡವರಿಸುತ್ತಾನೆ, ಆದರೂ ಕೊಯ್ತ ನೇರ ಬರುತ್ತದೆ, ಅಷ್ಟು ಸಾಕು ಎಂದುಕೊಂಡಿದ್ದೆ. ಗೌಡರು ತಡವರಿಸಲಿಲ್ಲ. ಅವರ ಹೆಬ್ಬೆರಳು ತಾನಾಗಿ ಆ ತಗ್ಗನ್ನು ಹುಡುಕಿಕೊಂಡಿತು, ಪೂರ್ತಿ ಕೂರದಿದ್ದರೂ ಅಂಚಿಗೆ ಊರಿತು. ಮಣಿಕಟ್ಟು ಸಡಿಲವಾಗಿ, ಒಂದೇ ಎಳೆತ. ಕಡ್ಡಿಯ ಮೇಲೆ ಗಾಜಿನಂಥ ನೇರ ಮುಖ. ಕೇಳದೆಯೇ ಇನ್ನೊಂದು ಕಡ್ಡಿ ತೆಗೆದುಕೊಂಡು ಇನ್ನೊಂದು ಕೊಯ್ತ. ಆಮೇಲೆ ಮತ್ತೊಂದು. ಎರಡು ಕಡ್ಡಿಗಳ ಮುಖಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿದರು. ಸಂದಿರಲಿಲ್ಲ.

ಆಗ ನಾನು ಹೇಳಿದೆ. ಮೈಕ್ರೋಸ್ಕೋಪಿನಡಿ ಅಲಗನ್ನು ಇಟ್ಟು ಗೀರುಗಳನ್ನು ತೋರಿಸಿದೆ, ನಾನು ಮಸೆದ ಎರಡು ಗುಜರಿ ಅಲಗುಗಳನ್ನೂ ಪಕ್ಕದಲ್ಲಿ ತೋರಿಸಿದೆ. ಇದನ್ನು ಮಸೆದದ್ದು ಬಲಗೈ, ನಿಮ್ಮ ತಂದೆ ಬಲಗೈಯವರು ಎಂದು ನೀವೇ ಹೇಳಿದ್ದೀರಿ. ಇದರಿಂದ ಕೊಯ್ದದ್ದು ಎಡಗೈ, ಚಿಕ್ಕ ಕೈ ಎಂದೆ. ಅದು ಯಾರದ್ದೆಂದು ಹೇಳುವುದು ನನ್ನ ಕೆಲಸವಲ್ಲ ಎಂದು ಅಲ್ಲಿಗೇ ನಿಲ್ಲಿಸಿದೆ.

ಗೌರಮ್ಮ ಮೆಲ್ಲಗೆ ಮಾತಾಡಿದರು. ಸಂಜೆ ಹೊತ್ತು ಅಪ್ಪ ಕಲ್ಲಿನ ಮುಂದೆ ಕೂತು ಮಸೆಯುತ್ತಿದ್ದುದು, ಅವ್ವ ಅಲಗಿನ ಬಾಯಿ ನೋಡಿ ಇನ್ನೂ ಆಗಬೇಕು ಎನ್ನುತ್ತಿದ್ದುದು, ಅಪ್ಪ ಮತ್ತೆ ಕೂರುತ್ತಿದ್ದುದು. ಇದನ್ನು ಅವರು ನನಗೂ ಹೇಳಿರಲಿಲ್ಲ. ಅದು ಲೆಕ್ಕಕ್ಕೆ ಬರುವ ಸಂಗತಿ ಎಂದು ಅವರಿಗೂ ತಿಳಿದಿರಲಿಲ್ಲ.

ಗೌಡರು ತಮ್ಮ ಎಡಗೈಯನ್ನು ಅಕ್ಕನ ಮುಂದೆ ಚಾಚಿದರು.

"ಉಣ್ಣಕ್ಕೆ ಕೂತಾಗ್ಲೆಲ್ಲ ಅವ್ವ ಬಾಳೆನಾರಲ್ಲಿ ಈ ಕೈ ಕಟ್ಟಾಕೋಳು," ಎಂದರು. "ದಿನಾ. ನಾನು ಅಳ್ತಿದ್ರೂ ಬಿಚ್ತಿರ್ಲಿಲ್ಲ. ಎಡಗೈ ಅಂದ್ರೆ ಅವ್ವಂಗೆ ಅಸಹ್ಯ ಅನ್ಕೊಂಡಿದ್ದೆ ಅಕ್ಕ. ಅಂತೋಳು ಎಡಚಿ ಅಂತ ನೀನಂದ್ರೆ ನಾನು ಎಂಗ್ ನಂಬ್ಲಿ?"

ಗೌರಮ್ಮ ಎದ್ದುಹೋಗಿ ತಮ್ಮನ ಪಕ್ಕ ಕೂತರು.

"ನಾನೂ ಕೇಳಿದ್ದೆ ಕಣೋ, ಯಾಕಂಗ್ ಕಟ್ತೀಯವ್ವ ಅಂತ. ನನ್ ಕೈನ ಜೀವಮಾನೆಲ್ಲ ಬಚ್ಚಿಟ್ಕಂಡೆ, ನನ್ ಮಗ ಬಚ್ಚಿಡೋದು ಬ್ಯಾಡ ಅಂದ್ಲು."

ಬಿಳಿ ಅಂಗಿಯ ಆ ದೊಡ್ಡ ಮನುಷ್ಯ ಅತ್ತರು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಅಲ್ಲಿ ನನ್ನ ಕಣ್ಣನ್ನೂ ಒರೆಸಿಕೊಂಡೆ, ನನ್ನ ಗಂಡ ಈರುಳ್ಳಿ ಹೆಚ್ಚುತ್ತಿದ್ದುದರಿಂದ ಕಾರಣ ಹೇಳಬೇಕಾಗಲಿಲ್ಲ.

ವಿಜಯದಶಮಿಗೆ ನನ್ನನ್ನೂ ಕರೆದಿದ್ದರು. ನಿಲ್ಲಿಸಿ ಎಂದ ನನ್ನ ಮಾತಿಗೆ ಕಾಯದೆ ಕೆತ್ತಿಸಿಬಿಟ್ಟಿದ್ದ ಕಲ್ಲನ್ನು ಗೌಡರು ತಿರುವಿಹಾಕಿಸಿ, ಇನ್ನೊಂದು ಮುಖದ ಮೇಲೆ ಹೊಸದಾಗಿ ಕೆತ್ತಿಸಿದ್ದರು. ಕಸಿ ಕಟ್ಟಿದವರು ಚಿಕ್ಕತಾಯಮ್ಮ. ಚಾಕು ಮಸೆದವರು ಕೆಂಪಣ್ಣ. ಅಷ್ಟೇ ಎರಡು ಸಾಲು. ಗಾಜಿನ ಪೆಟ್ಟಿಗೆ ಇರಲಿಲ್ಲ. ಚಾಕು ಗೌರಮ್ಮನ ಮಡಿಲಲ್ಲಿತ್ತು.

ಅಲಗಿನ ಮೇಲೆ ಇನ್ನೊಬ್ಬರ ಕೈಯ ಗುರುತು ಇರುವವರೆಗೂ ಅದರ ಮೇಲೆ ನನ್ನ ಕಲ್ಲು ಹಾಕಬಾರದು, ಹಾಕುವುದಾದರೆ ಆ ಕೈ ಏನು ಮಾಡಿತ್ತೆಂದು ಮೊದಲು ತಿಳಿಯಬೇಕು. ಇದನ್ನು ಲ್ಯಾಬಿನಲ್ಲಿ ನಿಯಮವಾಗಿ ಪಾಲಿಸಿದ್ದೆ. ಅದು ಯಾಕೆ ನಿಯಮವಾಯಿತು ಎಂದು ನಿಜವಾಗಿ ತಿಳಿದದ್ದು ಆ ದಿನ. ರಿಪೇರಿ ಎಂದರೆ ಅಂಗಡಿಯಿಂದ ಬಂದ ದಿನದ ಹಾಗೆ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ಮಾಡಿದ್ದರೆ ನಾನು ಶೆಫೀಲ್ಡಿನ ಯಾವುದೋ ಕಾರ್ಖಾನೆಗೆ ನ್ಯಾಯ ಒದಗಿಸುತ್ತಿದ್ದೆ, ಕೊಟ್ಟಿಗೆಯ ಹಿಂದೆ ಕೂತಿದ್ದ ಹೆಂಗಸಿಗೆ ಅಲ್ಲ.

ಪೂಜೆಯಾದ ಮೇಲೆ ಬಂದವರಿಗೆಲ್ಲ ಹೆಸರಘಟ್ಟದ ನರ್ಸರಿಯಿಂದ ತರಿಸಿದ್ದ ಕಸಿ ಮಾವಿನ ಸಸಿ ಹಂಚಿದರು. ಗೌಡರೇ ನಿಂತು ಹಂಚಿದರು, ಎಡಗೈಯಲ್ಲಿ. ಸಾಲಿನ ಮೊದಲಲ್ಲಿದ್ದದ್ದು ಪೇಟ ಸುತ್ತಿದ ಊರಿನ ಹಿರಿಯರೊಬ್ಬರು. ಚಾಚಿದ ಆ ಕೈ ನೋಡಿ 'ಬಲಗೈಲಿ ಕೊಡಪ್ಪ' ಎಂದರು. ಗೌಡರು ಕೈ ಬದಲಿಸಲಿಲ್ಲ, ಸಸಿಯನ್ನು ಹಾಗೆಯೇ ಹಿಡಿದು ನಿಂತರು. ಹಿರಿಯರು ಕಲ್ಲಿನ ಮೇಲಿದ್ದ ಎರಡು ಸಾಲುಗಳನ್ನು ಓದಿದರು, ತುಟಿ ಅಲುಗಿಸುತ್ತ ಮತ್ತೊಮ್ಮೆ ಓದಿದರು. ಆಮೇಲೆ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ನೀಡಿ ಸಸಿ ತೆಗೆದುಕೊಂಡರು.